ಹಳೆಯ ವಿಳಾಸದ ಹೊಣೆ ಯಾರದು?

ಬಂಗಾರಪೇಟೆ ರೈಲು ನಿಲ್ದಾಣದ ಸಂಕೇತ ಇವತ್ತಿಗೂ ಬಿಡಬ್ಲ್ಯುಟಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಅದರಲ್ಲಿ ಅಡಗಿದೆ. 1894ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿ (ಕೆಜಿಎಫ್) ಮಾರಿಕುಪ್ಪಂವರೆಗೆ ಕವಲು ಹಾದಿ ತೆರೆದಾಗಲೂ ಊರಿಗೆ ಅದೇ ಹೆಸರು. ಬೋರ್ಡು ಬದಲಾಯಿತು, ಸಂಕೇತ ಬದಲಾಗಲಿಲ್ಲ. ಬ್ರಿಟಿಷರ ಪಳೆಯುಳಿಕೆಯನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬ ಆಕ್ಷೇಪ ನ್ಯಾಯವೇ. ಆದರೆ ವಿಳಾಸ ಅಲ್ಲಿ ವಾಸಿಸುವವರ ಸೊತ್ತು ಮಾತ್ರವಲ್ಲ, ಅದನ್ನು ಬರೆದಿಟ್ಟುಕೊಂಡ ದೂರದವರದ್ದೂ ಹೌದು. ಅವರನ್ನೆಲ್ಲ ಹುಡುಕಿ ತಿಳಿಸಲಾಗದು. ಹಳೆಯದಕ್ಕೆ ಬಂದದ್ದನ್ನು ಹೊಸದಕ್ಕೆ ಮುಟ್ಟಿಸುವ ಹೊಣೆ ಹಳೆಯ ಜಾಗದ ಮೇಲೆಯೇ ಬೀಳುತ್ತದೆ.

ಯುನಿಕ್ಸ್ ಗಣಕಗಳ ಇಮೇಲ್ ಈ ಹೊಣೆಯನ್ನು ಬೇಗ ಒಪ್ಪಿಕೊಂಡಿತು. ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಬರೆದ ಪತ್ರ ರವಾನೆಯ ತಂತ್ರಾಂಶ ಸೆಂಡ್‌ಮೇಲ್ 1983ರಲ್ಲಿ ಯುನಿಕ್ಸ್‌ನ 4.2 ಬಿಎಸ್‌ಡಿ ಆವೃತ್ತಿಯೊಂದಿಗೆ ಹೊರಬಂತು. ಅದರಲ್ಲಿ ಇಡೀ ಸಂಸ್ಥೆಯ ಹೆಸರುಗಳನ್ನು ಬದಲಿಸುವ ಏಲಿಯಾಸ್ ಕಡತ ಆಡಳಿತಗಾರನ ಕೈಯಲ್ಲಿರುತ್ತದೆ. ವ್ಯಕ್ತಿಗೆ ಬೇಕಾದದ್ದು ಅವನ ಹೋಮ್ ಡೈರೆಕ್ಟರಿಯ 'ಡಾಟ್ ಫಾರ್ವರ್ಡ್' ಕಡತ: ಒಂದು ಸಾಲಿನಲ್ಲಿ ಹೊಸ ವಿಳಾಸ ಬರೆದರೆ ಸಾಕು, ಯಾರ ಅನುಮತಿಯೂ ಬೇಡ. ಅದೇ ಸಾಲಿನಲ್ಲಿ ಹಿಂಬಾಗಿದ ಗೆರೆ ಹಾಕಿ ತನ್ನದೇ ಖಾತೆಯ ಹೆಸರು ಸೇರಿಸಿದರೆ ಒಂದು ಪ್ರತಿ ಹಳೆಯ ಪೆಟ್ಟಿಗೆಯಲ್ಲೂ ಉಳಿಯುತ್ತದೆ. ಆ ಗೆರೆ ಇಲ್ಲದಿದ್ದರೆ ಪತ್ರ ತನಗೆ ತಾನೇ ಸುತ್ತಬಹುದು. ಬೇರೆಯವರು ತಿದ್ದಬಹುದಾದ ಕಡತವನ್ನು ಸೆಂಡ್‌ಮೇಲ್ ಸಾಮಾನ್ಯವಾಗಿ ನಂಬುವುದಿಲ್ಲ.

ಹೀಗೆ ಪತ್ರ ಮುಂದಕ್ಕೆ ದಾಟಿಸುವುದರ ಬಗೆಗಿನ ಈಚಿನ ಆಕ್ಷೇಪವೇ ಹೆಚ್ಚು ಗಟ್ಟಿ. ಯಾವ ಸರ್ವರ್ ಯಾರ ಪರವಾಗಿ ಕಳಿಸಬಹುದೆಂದು ಎಸ್‌ಪಿಎಫ್ ಎಂಬ ವ್ಯವಸ್ಥೆ ಪರಿಶೀಲಿಸುತ್ತದೆ. ಮುಂದಕ್ಕೆ ದಾಟಿಸುವ ಸರ್ವರ್ ಮೂಲ ಕಳುಹಿಸುವವರ ಪಟ್ಟಿಯಲ್ಲಿರದ ಕಾರಣ ಸಾಚಾ ಪತ್ರವೂ ತಿರಸ್ಕೃತವಾಗಬಹುದು. ಅದಕ್ಕೂ ಮದ್ದಿದೆ: ಎಸ್‌ಆರ್‌ಎಸ್ ಎಂಬ ಕ್ರಮದಲ್ಲಿ ದಾಟಿಸುವ ಸರ್ವರ್ ಲಕೋಟೆಯ ಮೇಲಿನ ಕಳುಹಿಸಿದವರ ವಿಳಾಸವನ್ನು ತನ್ನ ಹೆಸರಿಗೆ ತಿದ್ದಿಕೊಳ್ಳುತ್ತದೆ. ಮದ್ದಿಲ್ಲದ ತೊಂದರೆ ಬೇರೆಯೇ. ಖಾತೆ ಅಳಿಸಿದ ದಿನ ಡೈರೆಕ್ಟರಿಯೊಂದಿಗೆ ಆ ಒಂದು ಸಾಲೂ ಹೋಗುತ್ತದೆ. ಕೆಜಿಎಫ್‌ನಲ್ಲಿ ಹಾಗಾಗಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದರೂ ಕಾರ್ಮಿಕರ ಲೈನ್ ಮನೆಗಳಲ್ಲಿ ಜನ ಉಳಿದರು, ದುಡಿಮೆಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರತೊಡಗಿದರು. ಕೆಲಸ ಕೊಟ್ಟವರು ಹೋದರು, ವಿಳಾಸ ಉಳಿಯಿತು. ನೌಕರರ ಖಾತೆಯನ್ನು ನಿವೃತ್ತಿಯ ದಿನವೇ ಅಳಿಸುವ ಸಂಸ್ಥೆಗಳು ಕನಿಷ್ಠ ಒಂದು ವರ್ಷ ಆ ಸಾಲನ್ನು ಉಳಿಸಿಕೊಡಲಿ.