'ಹೆಂಗ ಬೇಕ್ರಿ?' 'ಏನ್ ತಿಂತೀರಿ?'

ಬೆಳಗಾವಿಯಲ್ಲಿ ಊಟದ ಬಗ್ಗೆ ಎರಡು ಥರದ ಪ್ರಶ್ನೆ ಕೇಳುತ್ತಾರೆ. ಒಂದು, 'ಹೆಂಗ ಬೇಕ್ರಿ?' ಇನ್ನೊಂದು, 'ಏನ್ ತಿಂತೀರಿ?' ಮೊದಲನೆಯದು ಮೇಜಿನ ಮುಂದೆ ಕೂತವನಿಗೆ. ಎರಡನೆಯದು ಬಾಗಿಲ ಹೊರಗೆ ನಿಂತವನಿಗೆ. ಖಾನಾಪುರದ ಕಡೆಯಿಂದ ಡಿಗ್ರಿ ಓದಲಿಕ್ಕೆ ಬಂದ ನಾವು ಬಾಡಿಗೆ ಖೋಲಿ ಹುಡುಕುತ್ತ ಓಣಿ ಓಣಿ ತಿರುಗಿದಾಗ ನಮಗೆ ಸಿಕ್ಕಿದ್ದು ಬರೀ ಎರಡನೆಯದು. ಮುಖಕ್ಕೆ ಮುಖ ಕೊಟ್ಟು ಜಾತಿ ಕೇಳಲಿಕ್ಕೆ ಈಗ ನಾಚಿಕೆ. ಅದಕ್ಕೇ ಒಲೆಯ ಮೇಲೇನಿದೆ ಅಂತ ಕೇಳುತ್ತಾರೆ. ಈ ಎರಡು ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ಒಂದು ಪ್ರಾಣಿಯ ಬೆನ್ನು ಹತ್ತಿ ನೋಡಬೇಕೆಂದು ಈ ಲೇಖನ. ಪ್ರಾಣಿ ಹಂದಿ. ಮೂಗು ಮುಚ್ಚಿಕೊಳ್ಳುವವರು ಪುಟ ಮಗುಚಬಹುದು.

ಮೊದಲು ಕ್ಯಾಂಪಿಗೆ ಹೋಗೋಣ. 1818ರಲ್ಲಿ ಥಾಮಸ್ ಮನ್ರೋನ ದಂಡು ಬೆಳಗಾವಿ ಕೋಟೆಯನ್ನು ಹಿಡಿಯಿತು. ಮುಂದೆ ಕೋಟೆಯ ಆಚೆ ಕಂಟೋನ್ಮೆಂಟು ಎದ್ದಿತು. ಇಂಗ್ಲಿಷ್ ಅಧಿಕಾರಿಯ ಬೆಳಗಿನ ತಟ್ಟೆಗೆ ಮೊಟ್ಟೆಯ ಜೊತೆ ಬೇಕನ್ ಬೇಕು. ಬೇಕನ್ ಅಂದರೆ ಭಾರೀ ವಿದ್ಯೆಯೇನಲ್ಲ. ಹಂದಿಯ ಬೆನ್ನು ಇಲ್ಲವೇ ಹೊಟ್ಟೆಯ ಭಾಗವನ್ನು ನೆಣದ ಸಮೇತ ತೆಗೆದು, ಉಪ್ಪು ತಿಕ್ಕಿ ದಿನಗಟ್ಟಲೆ ಇಡುತ್ತಾರೆ. ಕೆಲವರು ಹೊಗೆ ಕೊಡುತ್ತಾರೆ. ಆಮೇಲೆ ತೆಳ್ಳಗೆ ಕೊಯ್ದು ಕಾವಲಿಯ ಮೇಲೆ ಅದರದೇ ನೆಣದಲ್ಲಿ ಹುರಿಯುತ್ತಾರೆ. ಇಂಗ್ಲಿಷರಿಗೆ ಬೆನ್ನಿನ ಭಾಗ ಇಷ್ಟ, ಅಂಚಿನ ನೆಣ ಮೆತ್ತಗೆ ಉಳಿಯಬೇಕು. ಅಮೆರಿಕದವರಿಗೆ ಹೊಟ್ಟೆಯ ಪಟ್ಟಿ ಬೇಕು, ಹಪ್ಪಳದ ಹಾಗೆ ಮುರಿಯಬೇಕು. ಮೆತ್ತಗೋ ಗರಿಗರಿಯೋ ಎಂದು ಅವರು ಇವತ್ತಿಗೂ ವಾದ ಮಾಡುತ್ತಾರೆ. ಮಾಡಲಿ, ಹೊಟ್ಟೆ ತುಂಬಿದವರ ವಾದಕ್ಕೂ ಒಂದು ಸೊಗಸಿದೆ. ಆದರೆ ಆ ಇಷ್ಟಗಳೂ ಆಕಾಶದಿಂದ ಉದುರಿದ್ದಲ್ಲ. 1920ರ ದಶಕದಲ್ಲಿ ಅಮೆರಿಕದ ಬೀಚ್-ನಟ್ ಕಂಪನಿಗೆ ತನ್ನ ಬೇಕನ್ ಖರ್ಚಾಗಬೇಕಿತ್ತು. ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ಪಂಡಿತ ಸಾವಿರಾರು ಡಾಕ್ಟರರಿಗೆ ಬರೆದು, ಬೆಳಿಗ್ಗೆ ಗಟ್ಟಿ ತಿಂಡಿ ತಿನ್ನುವುದು ಒಳ್ಳೆಯದೆಂದು ಅವರ ಬಾಯಲ್ಲಿ ಹೇಳಿಸಿದ. ಪತ್ರಿಕೆಗಳು ಅಚ್ಚು ಹಾಕಿದವು. ಮೊಟ್ಟೆ–ಬೇಕನ್ ಆ ದೇಶದ ತಿಂಡಿಯಾಗಿ ಗಟ್ಟಿಯಾಗಿ ಕೂತಿತು. ದುಡ್ಡು, ಡಾಕ್ಟರು, ಪತ್ರಿಕೆ ಮೂರೂ ಕೂಡಿದರೆ ಹಂದಿಗೂ ಮರ್ಯಾದೆ ಬರುತ್ತದೆ!

ಹಿಂದೂಸ್ಥಾನದ ಕ್ಯಾಂಪುಗಳಲ್ಲಿ ಈ ಬೇಕನ್ ಹುರಿದವರು ಯಾರು? ಮೇಲ್ಜಾತಿಯ ಅಡುಗೆಯವನು ಮುಟ್ಟಲೊಲ್ಲ. ಮುಸಲ್ಮಾನ ಖಾನಸಾಮೆಗೆ ಹಂದಿ ನಿಷಿದ್ಧ. ಉಳಿದವರು ಗೋವೆಯ ಕ್ರೈಸ್ತ ಕುಕ್ಕು ಮತ್ತು ನಮ್ಮ ಕೇರಿಗಳ ಜನ. ಊರೊಳಗೆ ನೀರು ಮುಟ್ಟುವಂತಿಲ್ಲದ ಕೈ, ಆಳುವ ದೊರೆಯ ತಟ್ಟೆ ಮುಟ್ಟಬಹುದಿತ್ತು. ಇದನ್ನೇ ದೊಡ್ಡ ವಿಮೋಚನೆ ಎಂದು ನಾವು ಹಾಡಿ ಹೊಗಳುವುದಿಲ್ಲ. ಸಾಹೇಬನಿಗೂ ಆ ಕೈ ಬೇಕಾಗಿತ್ತೇ ಹೊರತು ಕೈಯ ಹಿಂದಿನ ಮನುಷ್ಯ ಬೇಕಾಗಿರಲಿಲ್ಲ. ಕರ್ನಲ್ ಕೆನ್ನಿ-ಹರ್ಬರ್ಟ್ 'ವೈವರ್ನ್' ಎಂಬ ಹೆಸರಲ್ಲಿ 1878ರಲ್ಲಿ ಮದರಾಸಿನ ಇಂಗ್ಲಿಷರಿಗಾಗಿ ಒಂದು ಅಡುಗೆ ಪುಸ್ತಕ ತಂದ. ಅದರಲ್ಲಿ ಅಡುಗೆಯವರಿಗೆಲ್ಲ ಒಂದೇ ಹೆಸರು, 'ರಾಮಸಾಮಿ'. ಸಾವಿರ ಒಲೆಗೆ ಒಬ್ಬನೇ ರಾಮಸಾಮಿ! 'ಹೆಂಗ ಬೇಕು' ಎಂದು ದಿನಾ ಕೇಳುತ್ತಿದ್ದವನು ಅವನು. ಅವನಿಗೆ ಹೆಂಗ ಬೇಕು ಎಂದು ಬರೆದುಕೊಂಡವರಿಲ್ಲ. ಇದೇ ಬೆಳಗಾವಿಯಲ್ಲಿ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದರು. ಮಹಾರರ ಸೈನ್ಯ ಭರ್ತಿಯನ್ನು ನಿಲ್ಲಿಸಿ ಆಗ ಸುಮಾರು ಅರ್ಧ ಶತಮಾನವಾಗಿತ್ತು. ಯುದ್ಧ ಬಂದಾಗ ದೊರೆಗಳಿಗೆ ಮತ್ತೆ ನೆನಪಾಯಿತು.

ಕ್ಯಾಂಪಿನಿಂದ ಖಾನಾಪುರದ ರಸ್ತೆ ಹಿಡಿದರೆ ಹಂದಿಯ ಇನ್ನೊಂದು ದಾರಿ ಸಿಗುತ್ತದೆ, ಗೋವೆಯದು. ಪೋರ್ಚುಗೀಜರು 1510ರಲ್ಲಿ ಗೋವೆ ಹಿಡಿದರು. ಘಟ್ಟ ಹತ್ತಿ ಬಂದ ಗೋವೆಯ ಕ್ರೈಸ್ತರು, ಆಮೇಲೆ ಲೋಂಡಾ ಮೇಲೆ ಹಾದ ರೈಲು, ಎರಡೂ ಕೂಡಿ ಅವರ ಅಡುಗೆಯನ್ನು ಈ ಭಾಗಕ್ಕೆ ತಂದವು. ಹಂದಿಮಾಂಸಕ್ಕೆ ಉಪ್ಪು, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಶಿರ್ಕಾ ಹಚ್ಚಿ, ಕರುಳಲ್ಲಿ ತುಂಬಿ, ಬಿಸಿಲಿಗೆ ಹೊಗೆಗೆ ಹಿಡಿದು ಒಣಗಿಸಿದ ಚೋರೀಸು ಬೇಕನ್ನಿನ ಖಾರದ ತಮ್ಮ ಅನ್ನಿ. ಮಳೆಗಾಲಕ್ಕೆ ಮನೆಯಲ್ಲಿದ್ದರೆ ಚಿಂತೆಯಿಲ್ಲ. ಆದರೆ ಇಲ್ಲೂ ನಮ್ಮ ಪ್ರಶ್ನೆ ಬಂತು ನೋಡಿ. ಸ್ಪೇನು, ಪೋರ್ಚುಗಲ್ಲುಗಳಲ್ಲಿ ಹಂದಿ ತಿನ್ನಲೊಲ್ಲದ ಹೊಸ ಕ್ರೈಸ್ತನನ್ನು, ಇವನು ಒಳಗೊಳಗೇ ಯಹೂದಿಯೋ ಮುಸಲ್ಮಾನನೋ ಎಂದು ಇನ್‌ಕ್ವಿಸಿಷನ್ ಶಂಕಿಸುತ್ತಿತ್ತು. ಅದೇ ಇನ್‌ಕ್ವಿಸಿಷನ್ 1560ರಲ್ಲಿ ಗೋವೆಗೂ ಬಂತು, 1812ರಲ್ಲಿ ಕೊನೆಯಾಯಿತು. ಅಲ್ಲಿ ತಿನ್ನದಿದ್ದರೆ ಅನುಮಾನ, ಇಲ್ಲಿ ತಿಂದರೆ ಅವಮಾನ. ಕೇಳುವವನು ಪಾದ್ರಿಯಾಗಲಿ ಪುರೋಹಿತನಾಗಲಿ, 'ಏನ್ ತಿಂತೀರಿ' ಅಂದಾಗ ಅವನು ನೋಡುವುದು ತಟ್ಟೆಯನ್ನಲ್ಲ. ಗೋವೆಯ ಕ್ರೈಸ್ತರು ಮತ ಬದಲಿಸಿದರೂ ಬಾಮಣ, ಚಾರಡೋ, ಶೂದ್ರ ಎಂಬ ಭೇದ ಬಿಡಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಹಾಗಂತ ಹಂದಿ ತಿನ್ನುವುದು ಪರದೇಶಿಗಳ ಹಡಗಿನಲ್ಲಿ ಬಂದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಖಾನಾಪುರ ತಾಲೂಕಿನ ಹಲಸಿಗೆ ಹೋಗಿರಿ. ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹನ ಗುಡಿ ಅಲ್ಲಿದೆ. ಹಂದಿ ಮುಖದ ದೇವರಿಗೆ ಹೂವು, ಗಂಧ, ಮಂಗಳಾರತಿ. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ವಿಜಯನಗರದ ಬಂಗಾರದ ನಾಣ್ಯದ ಹೆಸರೂ ವರಾಹ. ಹಂದಿ ಸಂಸ್ಕೃತದಲ್ಲಿದ್ದರೆ ಅವತಾರ, ಕನ್ನಡದಲ್ಲಿದ್ದರೆ ಬೈಗುಳ!

ಬರೀ ಪೂಜೆ ಮಾಡಿದರೆ? ಇಲ್ಲ, ತಿಂದರು, ಹೆಂಗ ತಿನ್ನಬೇಕೆಂದು ಬರೆದೂ ಇಟ್ಟರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ ರಾಜನ ಊಟಕ್ಕೇ ಒಂದು ಭಾಗ, ಅನ್ನಭೋಗ. ಹಂದಿಯ ಮೇಲೆ ಬಿಳಿ ಬಟ್ಟೆ ಹೊದಿಸಿ ಕುದಿಯುವ ನೀರು ಸುರಿದು ಕೂದಲು ಹೆರೆಯಬೇಕು, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು ಎನ್ನುತ್ತಾನೆ. ಮಾಂಸವನ್ನು ಕೆಂಡದ ಮೇಲೆ ಹದವಾಗಿ ಸುಡುವ ಕ್ರಮವಿದೆ. ನೆಣದ ಭಾಗವನ್ನು ತಾಳೆಗರಿಯ ಹಾಗೆ ತೆಳ್ಳಗೆ ಸೀಳುವ ಕ್ರಮವಿದೆ. ಇದು ಬೇಕನ್ ಅಲ್ಲವೇ? ವಿಲ್ಟ್‌ಶೈರಿನ ಕಾರಖಾನೆಗಳಿಗೆ ಎಷ್ಟೋ ನೂರು ವರ್ಷ ಮೊದಲು ಒಬ್ಬ ಕನ್ನಡ ನಾಡಿನ ದೊರೆ ಬೇಕನ್ ಎಷ್ಟು ತೆಳ್ಳಗಿರಬೇಕೆಂದು ತಲೆ ಕೆಡಿಸಿಕೊಂಡಿದ್ದ. ಅದೇ ಪುಸ್ತಕದಲ್ಲಿ ಹೊಲದ ಇಲಿ ಬೇಯಿಸುವ ವಿಧಾನವೂ ಇದೆ. ಆ ಇಲಿಯನ್ನು ನಮ್ಮವರು ಹಸಿವಿಗೆ ತಿಂದರೆ 'ಇಲಿ ತಿನ್ನೋ ಜಾತಿ', ದೊರೆ ತಿಂದರೆ 'ರಾಜಭೋಗ'. ಇಸ್ಕೂಲಿನ ಪಠ್ಯದಲ್ಲಿ ಸೋಮೇಶ್ವರನ ಬಿರುದು ಸರ್ವಜ್ಞ ಚಕ್ರವರ್ತಿ ಎಂದು ಬಾಯಿಪಾಠ ಮಾಡಿಸುವ ಮಾಸ್ತರರು ಅವನ ತಟ್ಟೆಯನ್ನೂ ಒಂದು ದಿನ ಮಕ್ಕಳಿಗೆ ತೋರಿಸಬೇಕು.

ಬೇಡರ ಕಣ್ಣಪ್ಪನನ್ನು ಮರೆಯುವುದು ಹೇಗೆ? ಕಾಳಹಸ್ತಿಯ ಶಿವನಿಗೆ ಬೇಟೆಯ ಮಾಂಸವನ್ನು ತಾನೇ ಕಚ್ಚಿ ನೋಡಿ, ಮೆತ್ತಗಿದ್ದ ತುಂಡನ್ನಷ್ಟೇ ಎಡೆ ಇಟ್ಟವನು. ದೇವರಿಗೆ 'ಹೆಂಗ ಬೇಕು' ಎಂದು ಯೋಚನೆ ಮಾಡಿದವನು ಒಬ್ಬ ಬೇಡ. ಹರಿಹರ ರಗಳೆ ಬರೆದ. 1954ರಲ್ಲಿ ರಾಜಕುಮಾರ್ ಆ ಪಾತ್ರ ಮಾಡಿದಾಗ ಊರಿಗೆ ಊರೇ ಟಾಕೀಸಿನಲ್ಲಿ ಕಣ್ಣೀರು ಹಾಕಿತು. ಹೊರಗೆ ಬಂದು ಮತ್ತೆ ಅದೇ ಪ್ರಶ್ನೆ.

ಸೋಮೇಶ್ವರ ಹೇಳಿದ ಆ ಹುಲ್ಲಿನ ಬೆಂಕಿ ಇನ್ನೂ ಆರಿಲ್ಲ. ಅದನ್ನು ಕಾಪಾಡಿಕೊಂಡು ಬಂದವರು ಹಂದಿ ಸಾಕುವ ಕೊರಮ, ಕೊರಚ, ಹಂದಿಜೋಗಿ ಜನ. ಹಂದಿಯನ್ನು ಹುಲ್ಲಲ್ಲಿ ಸುಟ್ಟು, ಚೂರಿಯಿಂದ ಹೆರೆದು, ಅರಿಷಿಣ ಹಚ್ಚಿ ತೊಳೆಯುವುದು ಅವರ ಕ್ರಮ. ದೊರೆಯ ಅಡುಗೆಮನೆಯ ಶಾಸ್ತ್ರ ಸಂಸ್ಕೃತದಲ್ಲಿ ಸತ್ತು ಬಡೋದೆಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಬದುಕಿದ್ದು ಬುಟ್ಟಿ ಹೆಣೆಯುವವರ ಕೈಯಲ್ಲಿ. ಆ ಕೈಗೆ ಸಿಕ್ಕ ಬಹುಮಾನವೇನು? 1871ರಲ್ಲಿ ಇಂಗ್ಲಿಷರು 'ಅಪರಾಧಿ ಬುಡಕಟ್ಟು' ಎಂಬ ಕಾನೂನು ತಂದರು. ಮುಂಬಯಿ ಪ್ರಾಂತ್ಯಕ್ಕೂ ಅದು ಬಂದಾಗ ಕೊರಚರಂಥವರ ಹೆಸರು ಪಟ್ಟಿ ಸೇರಿತು. ಹುಟ್ಟಿದ ಕೂಸೂ ಕಳ್ಳ! ಹುಬ್ಬಳ್ಳಿ, ಗದಗಗಳಲ್ಲಿ ತಂತಿ ಬೇಲಿಯೊಳಗೆ ಕೂಡಿಹಾಕಿದ ಜಾಗವನ್ನು ಜನ ಇವತ್ತಿಗೂ 'ಸೆಟ್ಲಮೆಂಟ್' ಅಂತಲೇ ಕರೆಯುತ್ತಾರೆ. ಕಾನೂನು ರದ್ದಾದದ್ದು 1952ರಲ್ಲಿ. ಕ್ಯಾಂಪಿನ ಮೆಸ್ಸಿನಲ್ಲಿ ಬೇಕನ್ ತಿಂದ ಸರಕಾರವೇ ಹಂದಿ ಸಾಕಿದವನ ಬೆರಳಚ್ಚು ತೆಗೆದುಕೊಂಡಿತು.

ಇಲ್ಲಿ ನಮ್ಮ ಕೇರಿಯ ಮಾತನ್ನೂ ಆಡಬೇಕು, ಕಾರ್ಯಕರ್ತ ಗೆಳೆಯರು ಸಿಟ್ಟಾಗಬಾರದು. ದನದ ಮಾಂಸ ತಿನ್ನುವ ಕೇರಿ ಹಂದಿ ತಿನ್ನುವ ಕೇರಿಯನ್ನು ದೂರ ಇಡುತ್ತದೆ. ಹಂದಿ ತಿನ್ನುವವರು ದನ ತಿನ್ನುವವರನ್ನು ಕೀಳು ಅನ್ನುತ್ತಾರೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದಕ್ಕೇ. ಪ್ರತಿಯೊಬ್ಬನ ಕಾಲ ಕೆಳಗೂ ಒಬ್ಬನನ್ನು ಇಟ್ಟು ಎಲ್ಲರನ್ನೂ ತೃಪ್ತಿಪಡಿಸುವ ಹುನ್ನಾರ. ನಿಪ್ಪಾಣಿಗೆ 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಎರಡು ವರ್ಷದ ಮೇಲೆ ಮಹಾಡದಲ್ಲಿ, ಸತ್ತ ದನದ ಮಾಂಸ ಬಿಡಿರಿ, ಎಸೆದ ಅನ್ನ ಬಿಡಿರಿ ಎಂದರು. ಇದನ್ನು ಹಿಡಿದುಕೊಂಡು ಈಗ ಕೆಲವರು 'ನೋಡ್ರಿ, ಅವರೂ ಮಾಂಸ ಬ್ಯಾಡಂದ್ರು' ಎಂದು ನಮಗೆ ಬುದ್ಧಿ ಹೇಳುತ್ತಾರೆ. ಗೌಡನ ದನ ಸತ್ತರೆ ಹೊತ್ತು ಹಾಕುವುದು ನಿನ್ನ ಬಿಟ್ಟಿ ಕೆಲಸ, ಅದರ ಮಾಂಸವೇ ನಿನ್ನ ಕೂಲಿ ಎಂಬ ಕಟ್ಟು ಇತ್ತಲ್ಲ, ಬಾಬಾಸಾಹೇಬರು ಮುರಿದದ್ದು ಆ ಕಟ್ಟನ್ನು.

ಆ ಕೂಲಿಯ ಮಾಂಸವನ್ನೂ ನಮ್ಮ ಅವ್ವಂದಿರು ಕೆಡಲು ಬಿಡಲಿಲ್ಲ. ಉದ್ದುದ್ದ ಸೀಳಿ, ಉಪ್ಪು ಅರಿಷಿಣ ಸವರಿ, ಹಗ್ಗದ ಮೇಲೆ ಬಿಸಿಲಿಗೆ ಹಾಕಿ ಒಣಖಂಡ ಮಾಡಿ ಗಡಿಗೆಯಲ್ಲಿ ತುಂಬಿಟ್ಟರು. ಆಷಾಢದ ಜಡಿಮಳೆಯಲ್ಲಿ ಕೂಲಿ ಇಲ್ಲದಾಗ ಕೆಂಡದ ಮೇಲೆ ಸುಟ್ಟು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ಎರಡು ರೊಟ್ಟಿ ಒಳಗೆ ಇಳಿಯುತ್ತಿದ್ದವು. ಮರಾಠಿ ಕೇರಿಯಲ್ಲಿ ಇದೇ ಚಾನ್ಯಾ. ಶಾಹು ಪಾಟೋಳೆ ಎಂಬ ಮರಾಠಿ ಲೇಖಕರು 2015ರಲ್ಲಿ ಮಹಾರ ಮಾಂಗರ ಅಡುಗೆಯನ್ನೆಲ್ಲ ಒಂದು ಪುಸ್ತಕವಾಗಿ ಬರೆದು 'ಅನ್ನ ಹೇ ಅಪೂರ್ಣಬ್ರಹ್ಮ' ಎಂದು ಹೆಸರಿಟ್ಟರು. ಅಪೂರ್ಣ ಎಂಬ ಒಂದೇ ಶಬ್ದದಲ್ಲಿ ಎಂಥ ಏಟು! 1964ರ ಗೋಹತ್ಯೆ ಕಾನೂನಿನಲ್ಲಿ ಮುದಿ ಎತ್ತು ಕೋಣಗಳಿಗಾದರೂ ವಿನಾಯಿತಿ ಇತ್ತು. 2021ರಲ್ಲಿ ಜಾರಿಗೆ ಬಂದ ಕಾನೂನು ಅದನ್ನು 13 ವರ್ಷ ದಾಟಿದ ಎಮ್ಮೆ ಕೋಣಕ್ಕಷ್ಟೇ ಇಳಿಸಿತು. ಹಿತ್ತಲ ಹಗ್ಗ ಮನೆಯೊಳಗೆ ಹೋಯಿತು.

ದೂರದ ಅಮೆರಿಕದಲ್ಲೂ ಇದೇ ಕತೆ. ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕತೆಯಲ್ಲಿ ಲೆಕ್ಕ ಕೊಡುತ್ತಾನೆ. ದುಡಿಯುವ ಗುಲಾಮನಿಗೆ ತಿಂಗಳಿಗೆ 8 ಪೌಂಡು ಹಂದಿಮಾಂಸ ಇಲ್ಲವೇ ಅಷ್ಟು ಮೀನು, ಮೇಲೆ ಒಂದು ಬುಷೆಲ್ ಗೋವಿನಜೋಳದ ಹಿಟ್ಟು. 'ಹೆಂಗ ಬೇಕು' ಎಂಬ ಮಾತೇ ಇಲ್ಲ, ತೂಗಿ ಕೊಟ್ಟದ್ದು. ಉಪ್ಪುಹಂದಿಯ ತುಂಡನ್ನು ಸೊಪ್ಪಿನ ಜೊತೆ ಕುದಿಸಿ ಕರಿಯರ ಅವ್ವಂದಿರು ತೆಗೆದ ರುಚಿಯನ್ನು ಆ ದೇಶ ಈಗ ತನ್ನ ಹೆಮ್ಮೆ ಅನ್ನುತ್ತದೆ.

ಈ ಲೇಖನಕ್ಕಾಗಿ ನಾವು ಬೆಳಗಾವಿಯ ಅಂಚಿನ ಒಂದು ಕೊರಮರ ಓಣಿಗೆ ಹೋಗಿದ್ದೆವು. ಬುಟ್ಟಿ ಹೆಣೆಯುತ್ತ ಕೂತಿದ್ದ ಆಯಿಯೊಬ್ಬಳನ್ನು, 'ಆಯೀ, ಹಂದಿ ಖಂಡ ನಿಮಗ ಹೆಂಗ ಮಾಡಿದ್ರ ಸೇರತೈತಿ?' ಎಂದು ಕೇಳಿದೆವು. ಆಯಿ ಕೈ ನಿಲ್ಲಿಸಿದಳು. 'ಹಂದಿ ಯಾಕ ಸಾಕೀರಿ ಅಂತ ಬೈಯಾಕ ಬಂದಾರ, ಹಿಡಕೊಂಡು ಹೋಗಾಕ ಗಾಡಿ ತಂದಾರ. ಇದನ್ನ ಕೇಳಾಕ ಯಾರೂ ಬಂದಿರಲಿಲ್ಲೋ ತಮ್ಮಾ,' ಎಂದು ನಕ್ಕಳು. ಆಮೇಲೆ ನಿಲ್ಲಲಿಲ್ಲ. 'ಸುಡಾಕ ಭತ್ತದ ಹುಲ್ಲ ಆಗಬೇಕು, ಕಬ್ಬಿನ ರವದಿ ಹಚ್ಚಿದ್ರ ವಾಸನಿ ಕೂಡತೈತಿ. ತೊಗಲು ಹಳದಿ ಆಗೂತನಕ ಸುಡು, ಕರ್ರಗಾದ್ರ ಕಹಿ. ತೊಗಲು ತಗದು ಒಗಿಯಾವ ದಡ್ಡ, ರುಚಿ ಎಲ್ಲಾ ಅದರಾಗ. ಗಡಗ್ಯಾಗ ಎಣ್ಣಿ ಹಾಕಬ್ಯಾಡ, ನೆಣ ಮೊದಲ ಬಿಡು, ಅದರ ಎಣ್ಣಿ ಅದಕ್ಕ ಸಾಕು. ಬೆಳ್ಳೊಳ್ಳಿ ಜಜ್ಜಿ ಹಾಕು, ಅರೀಬ್ಯಾಡ. ಖಾರ ಕಡೀಕ. ಮುದುಕರಿಗೆ ನೆಣದ್ದು, ಹುಡುಗೂರಿಗೆ ಕೆಂಡದಾಗ ಸುಟ್ಟ ಕಲೀಜಾ. ಜ್ವಾಳದ ರೊಟ್ಟಿ ಕಟಕ್ ಇರಬೇಕು, ರಸದಾಗ ಮುರದು ಹಾಕಿ ಒಂದೀಟು ಹೊತ್ತು ಬಿಡಬೇಕು. ಬರಕೊಂಡ್ರಿ? ಇನ್ನ ಕಾಲಿನ ಸಾರಿಂದು ಐತಿ, ಕೂಡ್ರಿ.'