ಪೊರಕೆ ಹಿಡಿದು ಒಳಹೋದ ಚಾಂಪಿಯನ್

1934ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ 500 ಮೈಲಿ ರೇಸನ್ನು ಬಿಲ್ ಕಮಿಂಗ್ಸ್ ಗೆದ್ದರು. ಅವರ ಹೆಸರು ದಾಖಲೆಯಲ್ಲಿದೆ. ಅವರ ಕಾರನ್ನು ಹದ ಮಾಡಿಕೊಟ್ಟವರಲ್ಲಿ ಒಬ್ಬರ ಹೆಸರನ್ನು ಮಾತ್ರ ಬರೆಯುವಂತಿರಲಿಲ್ಲ. ಅವರು ಕರಿಯರು. ಆ ಟ್ರ್ಯಾಕಿನ ಗ್ಯಾರೇಜಿನಲ್ಲಿ ಕರಿಯ ಮೆಕ್ಯಾನಿಕ್‌ಗೆ ಜಾಗವಿರಲಿಲ್ಲ. ಹಾಗಾಗಿ ಅವರನ್ನು ಕಸ ಗುಡಿಸುವ ಆಳು ಎಂದು ತೋರಿಸಿ ಒಳಗೆ ಕರೆದುಕೊಂಡರು. ಕೈಯಲ್ಲಿ ಪೊರಕೆ, ಕಣ್ಣು ಎಂಜಿನ್ ಮೇಲೆ.

ಅವರೇ ಚಾರ್ಲಿ ವಿಗ್ಗಿನ್ಸ್. ಅಷ್ಟು ಹೊತ್ತಿಗಾಗಲೇ ಅವರು ಸ್ವತಃ ಚಾಂಪಿಯನ್ ಚಾಲಕ. ಆದರೆ ಅವರ ಗೆಲುವುಗಳೆಲ್ಲ ಆದದ್ದು ಅದೇ ಊರಿನ ಇನ್ನೊಂದು ಟ್ರ್ಯಾಕಿನಲ್ಲಿ, ಮಣ್ಣಿನ ಮೇಲೆ.

ವಿಗ್ಗಿನ್ಸ್ ಹುಟ್ಟಿದ್ದು 1897ರಲ್ಲಿ, ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನಲ್ಲಿ. ಹುಡುಗನಾಗಿದ್ದಾಗ ಒಂದು ಗ್ಯಾರೇಜಿನ ಮುಂದೆ ಕೂತು ಬೂಟು ಪಾಲಿಶ್ ಮಾಡುತ್ತಿದ್ದರು. ಹುಡುಗನ ಗಮನ ಬೂಟಿಗಿಂತ ಒಳಗಿನ ಕಾರುಗಳ ಮೇಲಿದ್ದದ್ದನ್ನು ಕಂಡ ಮಾಲೀಕರು ಕೆಲಸ ಕಲಿಯಲು ಸೇರಿಸಿಕೊಂಡರು. 1920ರ ದಶಕದ ಆರಂಭದಲ್ಲಿ ಹೆಂಡತಿಯೊಂದಿಗೆ ಇಂಡಿಯಾನಾಪೊಲಿಸ್‌ಗೆ ಬಂದರು. ಬಿಡುವಿನಲ್ಲಿ ಗುಜರಿಯಿಂದ ಬಿಡಿಭಾಗ ಆರಿಸಿ ತಂದು ತಮ್ಮದೇ ರೇಸ್ ಕಾರು ಕಟ್ಟಿಕೊಂಡರು. ಅದಕ್ಕೆ ‘ವಿಗ್ಗಿನ್ಸ್ ಸ್ಪೆಷಲ್’ ಎಂದು ಹೆಸರಿಟ್ಟರು. ಕಾರು ಸಿದ್ಧವಿತ್ತು, ಓಡಿಸಲು ಟ್ರ್ಯಾಕಿರಲಿಲ್ಲ. 500 ಮೈಲಿ ರೇಸಿಗೆ ಮಾನ್ಯತೆ ಕೊಡುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಕರಿಯ ಚಾಲಕರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

1924 ಎಂಥ ವರ್ಷ ಎಂಬುದನ್ನೂ ಹೇಳಬೇಕು. ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲಾನ್ ಆಗ ಇಂಡಿಯಾನಾದಲ್ಲಿ ಲಕ್ಷಗಟ್ಟಲೆ ಸದಸ್ಯರಿದ್ದ ಸಂಘಟನೆ. ಆ ವರ್ಷದ ಚುನಾವಣೆಯಲ್ಲಿ ಅದರ ಬೆಂಬಲ ಪಡೆದ ಎಡ್ ಜಾಕ್ಸನ್ ಗವರ್ನರ್ ಆಗಿ ಗೆದ್ದರು. ಅದಕ್ಕೆ ಮೂರು ತಿಂಗಳ ಹಿಂದೆ, ಆಗಸ್ಟ್ 2ರಂದು, ರಾಜ್ಯದ ಜಾತ್ರೆ ಮೈದಾನದಲ್ಲಿ ಕರಿಯ ಚಾಲಕರದ್ದೇ ಆದ 100 ಮೈಲಿ ರೇಸ್ ನಡೆಯಿತು. ವಿಲಿಯಂ ರಕ್ಕರ್ ಎಂಬ ಕರಿಯ ಉದ್ಯಮಿ ಮುಂದೆ ನಿಂತರು. ‘ಷಿಕಾಗೊ ಡಿಫೆಂಡರ್’ ಪತ್ರಿಕೆಯ ಕ್ರೀಡಾ ಬರಹಗಾರ ಫ್ರಾಂಕ್ ಯಂಗ್ ಪ್ರಚಾರ ಹೊತ್ತುಕೊಂಡರು. ರೇಸಿನ ಹೆಸರು ‘ಗೋಲ್ಡ್ ಆ್ಯಂಡ್ ಗ್ಲೋರಿ ಸ್ವೀಪ್‌ಸ್ಟೇಕ್ಸ್’. ಮೊದಲ ವರ್ಷ ಗೆದ್ದವರು ಮಾಲ್ಕಂ ಹ್ಯಾನನ್.

ಅದು ಒಂದು ಮೈಲಿ ಸುತ್ತಳತೆಯ ಮಣ್ಣಿನ ಟ್ರ್ಯಾಕ್. ನೂರು ಮೈಲಿ ಎಂದರೆ ನೂರು ಸುತ್ತು. ಹತ್ತಾರು ಸುತ್ತು ಆಗುವಷ್ಟರಲ್ಲಿ ತಿರುವುಗಳಲ್ಲಿ ಗುಂಡಿ ಬೀಳುತ್ತದೆ, ಮುಂದಿನ ಕಾರು ಎಬ್ಬಿಸಿದ ದೂಳು ಹಿಂದಿನವನ ಕಣ್ಣಿಗೆ ಪರದೆಯಾಗುತ್ತದೆ. ಮಣ್ಣಿನಲ್ಲಿ ಹಿಂದಿನ ಚಕ್ರ ಜಾರಿಯೇ ಜಾರುತ್ತದೆ. ಜಾರುವುದನ್ನು ತಡೆಯದೆ, ಜಾರುವ ಕಾರನ್ನೇ ಪಳಗಿಸಿ ತಿರುವು ದಾಟಿಸಬೇಕು. ಸೀಟ್ ಬೆಲ್ಟ್ ಇಲ್ಲ, ತಲೆ ಕಾಯುವ ಗಟ್ಟಿ ಹೆಲ್ಮೆಟ್ಟೂ ಇಲ್ಲ. ಇಂಥಲ್ಲಿ ಕೈಚಳಕದಷ್ಟೇ ಕಾರಿನ ಗುಣವೂ ಮುಖ್ಯ. ವಿಗ್ಗಿನ್ಸ್‌ಗೆ ತಮ್ಮ ಕಾರಿನ ಒಂದೊಂದು ನಟ್ಟೂ ಗೊತ್ತಿತ್ತು, ಬಿಗಿ ಮಾಡಿದ್ದು ಅವರೇ ತಾನೆ! 1926ರಿಂದ 1933ರೊಳಗೆ ಅವರು ಈ ರೇಸನ್ನು ನಾಲ್ಕು ಸಲ ಗೆದ್ದರು.

ನಾವು ಜಿಲ್ಲೆಗಳಿಂದ ಸುದ್ದಿ ಕಳಿಸುವವರು. ಯಾವ ಪಂದ್ಯಕ್ಕೆ ಫೋಟೊ ಸಮೇತ ನಾಲ್ಕು ಕಾಲಂ, ಯಾವುದಕ್ಕೆ ಒಂದು ಸಾಲೂ ಇಲ್ಲ ಎಂಬುದು ಮೈದಾನದಲ್ಲಿ ಅಲ್ಲ, ಡೆಸ್ಕಿನಲ್ಲಿ ತೀರ್ಮಾನವಾಗುತ್ತದೆ ಎಂಬುದನ್ನು ಕಂಡಿದ್ದೇವೆ. ವಿಗ್ಗಿನ್ಸ್ ಕತೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದೂ ಇದೇ. ‘ಡಿಫೆಂಡರ್’, ‘ಇಂಡಿಯಾನಾಪೊಲಿಸ್ ರೆಕಾರ್ಡರ್’ನಂಥ ಕರಿಯರ ವಾರಪತ್ರಿಕೆಗಳು ಈ ರೇಸುಗಳನ್ನು ಬರೆದಿಟ್ಟವು. ಅವರನ್ನು ‘ನೀಗ್ರೋ ವೇಗದ ರಾಜ’ ಎಂದು ಕರೆದದ್ದು ಆ ಕಾಲದ ಭಾಷೆ. ದಶಕಗಳ ನಂತರ ಅವರ ಬದುಕನ್ನು ಮತ್ತೆ ಹೆಕ್ಕಿ ತೆಗೆಯಲು ಹೊರಟವರಿಗೆ ಆ ಹಳೆಯ ಪುಟಗಳು ಆಸರೆಯಾದವು.

1936ರ ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ ಹದಿಮೂರು ಕಾರುಗಳು ಒಂದಕ್ಕೊಂದು ಗುದ್ದಿಕೊಂಡವು. ವಿಗ್ಗಿನ್ಸ್ ಬಲಗಾಲು ಕಳೆದುಕೊಂಡರು. ಮೊದಲೇ ಆರ್ಥಿಕ ಕುಸಿತದಿಂದ ಸೊರಗಿದ್ದ ರೇಸ್ ಅಲ್ಲಿಗೇ ನಿಂತಿತು.

500 ಮೈಲಿ ರೇಸಿಗೆ ಮೊದಲ ಕರಿಯ ಚಾಲಕ ಅರ್ಹತೆ ಪಡೆದದ್ದು 1991ರಲ್ಲಿ. ಅವರು ವಿಲ್ಲಿ ಟಿ. ರಿಬ್ಸ್. ಅದನ್ನು ನೋಡಲು ವಿಗ್ಗಿನ್ಸ್ ಇರಲಿಲ್ಲ, 1979ರಲ್ಲೇ ತೀರಿಕೊಂಡಿದ್ದರು. ಅಪಘಾತದ ನಂತರ ತಮಗೆ ತಾವೇ ಮರದ ಕಾಲು ಮಾಡಿಕೊಂಡು, ಕಾರು ರಿಪೇರಿಯಲ್ಲೇ ಉಳಿದ ಆಯುಷ್ಯ ಕಳೆದರು, ಎಳೆಯ ಮೆಕ್ಯಾನಿಕ್‌ಗಳಿಗೆ ಕೆಲಸ ಕಲಿಸಿದರು. ಇಂಡಿಯಾನಾಪೊಲಿಸ್‌ನ ಕ್ರೌನ್ ಹಿಲ್ ಸ್ಮಶಾನದಲ್ಲಿ ಅವರನ್ನು ಹೂಳಿದ ಜಾಗಕ್ಕೆ ಬಹುಕಾಲ ಹೆಸರಿನ ಕಲ್ಲೂ ಇರಲಿಲ್ಲ.