ತಂಗಳು ಪೆಟ್ಟಿಗೆಯ ಚರಿತ್ರೆ

ಹಿರಿಯರು ‘ತಂಗಳು ಪೆಟ್ಟಿಗೆ’ ಎಂದು ಹಾಸ್ಯಮಾಡುವ ಫ್ರಿಜ್ಜಿಗೂ ಒಂದು ಚರಿತ್ರೆಯುಂಟು. ರಾಜಮಹಾರಾಜರ ಕಾಳಗಗಳಿಗಿಂತ ಅದು ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡಿದೆ.

ಮೊದಮೊದಲ ಫ್ರಿಜ್ಜುಗಳಲ್ಲಿ ತಂಪನ್ನು ಉಂಟುಮಾಡುತ್ತಿದ್ದುದು ಅಮೋನಿಯಾ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಎಲ್ಲವೂ ವಿಷಾನಿಲಗಳೇ, ಸೋರಿದರೆ ಪ್ರಾಣಕ್ಕೆ ಸಂಚಕಾರ. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ವಿಷವೂ ಅಲ್ಲದ, ಉರಿಯಲೂ ಉರಿಯದ ಫ್ರಿಯಾನ್ ಅನಿಲವನ್ನು ಸಿದ್ಧಪಡಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಮಿಡ್ಜ್‌ಲಿ ಅದನ್ನು ತಾನೇ ಉಸಿರಿಗೆಳೆದುಕೊಂಡು, ಅದೇ ಉಸಿರಿನಿಂದ ಮೇಣದಬತ್ತಿಯನ್ನು ಆರಿಸಿ ತೋರಿಸಿದ. ಮನೆಯೊಳಗಿನ ಭಯ ತೀರಿತು.

ಆಕಾಶದ ಯೋಚನೆ ಮಾತ್ರ ಆಗ ಯಾರಿಗೂ ಬರಲಿಲ್ಲ. ಈ ಅನಿಲ ಓಜೋನ್ ಪದರವನ್ನು ಕೆಡಿಸಬಲ್ಲದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. ಅಂಟಾರ್ಕ್ಟಿಕದ ಮೇಲೆ ಪದರ ತೀರ ತೆಳುವಾದ ಸುದ್ದಿ 1985ರಲ್ಲಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಫ್ರಿಯಾನಿನ ಸ್ಥಾನಕ್ಕೆ ಬಂದದ್ದು ಎಚ್‌ಎಫ್‌ಸಿ 134ಎ. ಅದು ಓಜೋನನ್ನು ಮುಟ್ಟದು, ನಿಜ. ಆದರೆ ತೂಕಕ್ಕೆ ತೂಕ ಹಿಡಿದರೆ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು!

ದಾರಿ ತೋರಿದ್ದು ಮುಳುಗುತ್ತಿದ್ದ ಒಂದು ಕಾರ್ಖಾನೆ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಬಳಿಕ, ಪೂರ್ವಭಾಗದ ಶಾರ್ಫೆನ್‌ಸ್ಟೈನ್ ಊರಿನ ಫ್ರಿಜ್ಜುಗಳನ್ನು ಕೇಳುವವರೇ ಕಡಿಮೆಯಾದರು. ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣದಿಂದ ತಂಪು ಪಡೆಯಬಹುದೆಂದು ಡಾರ್ಟ್‌ಮುಂಡಿನಲ್ಲಿ ಪ್ರಯೋಗ ನಡೆದಿತ್ತು. ನಮ್ಮ ಅಡಿಗೆಯ ಸಿಲಿಂಡರಿನಲ್ಲಿರುವುದೂ ಇಂಥ ಅನಿಲಗಳೇ. ಗ್ರೀನ್‌ಪೀಸ್ ಸಂಘ 1992ರಲ್ಲಿ ಈ ಉಪಾಯವನ್ನು ಆ ಕಾರ್ಖಾನೆಗೆ ಒಯ್ದು, ಮಾದರಿಗಳಿಗೆ ಹಣ ಕೊಟ್ಟಿತು. ಬೆಂಕಿ ಹತ್ತೀತೆಂದು ದೊಡ್ಡ ಕಂಪೆನಿಗಳು ಹೆದರಿಸಿದವು. ಬೇಕಾದದ್ದೋ, ಫ್ರಿಜ್ಜಿಗೆ ಕೆಲವು ಹತ್ತು ಗ್ರಾಂ ಅನಿಲವಷ್ಟೆ! 1993ರಲ್ಲಿ ಹೊಸ ಫ್ರಿಜ್ಜು ಪೇಟೆಗೆ ಬಂತು. ಉಪಾಯವನ್ನು ಯಾರೂ ಬಚ್ಚಿಡಲಿಲ್ಲ. ಹೆದರಿಸಿದವರೂ ಬೇಗನೆ ಅದೇ ಹಾದಿ ಹಿಡಿದರು. ಆದರೆ ಹಾದಿ ತೆರೆದ ಕಂಪೆನಿ 1996ರಲ್ಲಿ ದಿವಾಳಿಯೆದ್ದಿತು.

ಎಚ್‌ಎಫ್‌ಸಿಗಳನ್ನು ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ನಿರ್ಧಾರವಾಯಿತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ಇಂದು ನಮ್ಮಲ್ಲಿಯೂ ಅನೇಕ ಫ್ರಿಜ್ಜುಗಳ ಬೆನ್ನಿಗೆ ‘ಆರ್ 600ಎ’ ಎಂಬ ಚೀಟಿ ಅಂಟಿದೆ. ಅದೇ ಐಸೋಬ್ಯೂಟೇನ್, ಬ್ಯೂಟೇನಿನ ಸೋದರ.

ಮಿಡ್ಜ್‌ಲಿಯ ಪರೀಕ್ಷೆ ಒಂದು ಸಭಾಂಗಣದೊಳಗೆ ಮುಗಿದಿತ್ತು. ಕಣ್ಣಿಗೆ ಕಾಣುವ ಕಿಡಿಗೆ ನಾವು ಹೆದರುತ್ತೇವೆ, ಹೆದರಿ ಜಾಗ್ರತೆ ವಹಿಸುತ್ತೇವೆ. ಕಾಣದೆ ಮೇಲೇರಿದ್ದಕ್ಕೆ ಹೆದರುವುದನ್ನು ಕಲಿಯಲು ನಮಗೆ ಅರ್ಧ ಶತಮಾನ ಹಿಡಿಯಿತು.